ಒಂದೇ ಕೈಬರಹದ ಮೂರು ಕಾಗದ

ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೆರಡು ವರ್ಷ ನರ್ಸಾಗಿ ದುಡಿದವಳು ನಾನು. ಅಜ್ಜಂಪುರ, ತರೀಕೆರೆ, ಕೊನೆಗೆ ಕಡೂರು. ನಿವೃತ್ತಳಾಗಿ ಕಡೂರಿನಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡಾಗ ನನಗಿದ್ದ ಆಸೆ ಒಂದೇ: ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮಲಗಬೇಕು, ನಡುವೆ ಯಾರೂ ‘ಸಿಸ್ಟರ್’ ಅಂತ ಕೂಗಬಾರದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಾರ್ಡಿನ ಆಯಾಗಳಿಂದ ಹಿಡಿದು ಡಾಕ್ಟರ ತನಕ ಎಲ್ಲರಿಗೂ ಗೊತ್ತಿತ್ತು. ನಿದ್ದೆ ಕೆಟ್ಟರಂತೂ ಕೇಳುವುದೇ ಬೇಡ.

ಆ ನಿದ್ದೆಯನ್ನು ಕೆಡಿಸಿದ್ದು ಪಕ್ಕದ ಮನೆಯ ಕೊಬ್ಬರಿ ಅಟ್ಟ. ಅವರು ತೆಂಗಿನ ತೋಟದವರು. ತೋಟ ಚೌಳಹಿರಿಯೂರಿನ ಕಡೆ, ವಾಸ ಕಡೂರಿನಲ್ಲಿ. ಯಜಮಾನರು ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಮನೆಯ ಹಿಂದಿನ ಅಟ್ಟದ ಯಜಮಾನಿಕೆ ಅವರ ಹೆಂಡತಿಯದು. ನನಗಿಂತ ಎರಡು ಮೂರು ವರ್ಷ ದೊಡ್ಡವರು. ನಾನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರಮ್ಮ ಅನ್ನುತ್ತಿದ್ದರು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ಬಿಟ್ಟರೆ ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಕೆಳಗಿಳಿಸಿ ಸುಲಿದು ಒಡೆಯಬೇಕು. ಒಂದು ಮನೆಯ ಇಡೀ ವರ್ಷದ ಬದುಕು ಹಾಗೆ ನನ್ನ ಗೋಡೆಯ ಆಚೆಗೆ ಒಣಗುತ್ತಿತ್ತು.

ನನ್ನ ಕಿವಿಗೆ ಅದೆಲ್ಲ ಬೇಕಿರಲಿಲ್ಲ. ಸುಲಿಯುವ ಕಾಲ ಬಂತೆಂದರೆ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, ನಾನು ಅಡ್ಡಾಗಿ ಕಣ್ಣು ಮುಚ್ಚುವ ಹೊತ್ತಿಗೆ, ಶುರು. ಇಬ್ಬರು ಆಳುಗಳು ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ ಸಿಪ್ಪೆ ಸೀಳುವ ಸದ್ದು, ಸುಲಿದ ಕಾಯಿ ಕಲ್ಲು ಚಪ್ಪಡಿಯ ಮೇಲೆ ಬೀಳುವ ಸದ್ದು, ಒಂದರ ಮೇಲೊಂದು ಉರುಳುವ ಸದ್ದು. ಐದು ಗಂಟೆಯ ತನಕ ಬಿಡುವಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡೆ. ಫ್ಯಾನು ಜೋರು ಮಾಡಿದೆ. ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಮಂಚ ಎಳೆದೆ. ಎರಡನೇ ವರ್ಷವೂ ಅದೇ ಶುರುವಾದಾಗ ಮೈಯೆಲ್ಲ ಉರಿದುಹೋಯಿತು.

ಗೋಡೆಯ ಹತ್ತಿರ ಹೋಗಿ ‘ಅಕ್ಕಾ, ಈ ಹೊತ್ತಲ್ಲಿ ಬೇಡ’ ಅನ್ನಬಹುದಿತ್ತು. ಅನ್ನಲಿಲ್ಲ. ಓದಿದವಳಲ್ಲವೇ ನಾನು, ಕಾನೂನು ಏನು ಹೇಳುತ್ತದೆ ಎಂದು ನೋಡಲು ಕೂತೆ. ಜನ ವಾಸಿಸುವ ಜಾಗದಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಶಬ್ದ ಐವತ್ತೈದು ಡೆಸಿಬಲ್ ದಾಟಬಾರದು, ರಾತ್ರಿ ನಲವತ್ತೈದು. ಇಷ್ಟು ಸಿಕ್ಕಿದ್ದೇ ತಡ, ಫೋನಿಗೆ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡೆ. ಕಿಟಕಿಯ ಹತ್ತಿರ ಹಿಡಿದರೆ ಎಪ್ಪತ್ತು ದಾಟುತ್ತಿತ್ತು. ರೋಗಿಯ ಜ್ವರ ಬರೆಯುವ ಹಾಗೆ ದಿನಕ್ಕೆ ನಾಲ್ಕು ಸಲ ಅಳೆದು, ಗಂಟೆ ಸಮೇತ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಅಂಕಿ ಮೇಲೇರಿದಾಗ ನನಗೆ ಒಂಥರಾ ಖುಷಿಯಾಗುತ್ತಿತ್ತು.

ಒಂದು ವಾರ ಹೀಗೆ ಬರೆದು, ಅರ್ಜಿ ಹಿಡಿದು ಪುರಸಭೆಗೆ ಹೋದೆ. ಅಲ್ಲಿದ್ದ ಗುಮಾಸ್ತರು ಸಮಾಧಾನದ ಮನುಷ್ಯ. ನನ್ನ ಪುಸ್ತಕವನ್ನು ಕೊನೆಯ ಹಾಳೆಯ ತನಕ ತಿರುವಿ ಹಾಕಿದರು.

“ಅಮ್ಮಾ, ಫೋನಲ್ಲಿ ಅಳೆದಿದ್ದು ಲೆಕ್ಕಕ್ಕಿಲ್ಲ. ಅದಕ್ಕೆ ಬೇರೆ ಮೆಷಿನ್ ಇದೆ, ಅಧಿಕಾರಿಗಳೇ ಬಂದು ಅಳೀಬೇಕು. ಮೈಕು, ಡಿ.ಜೆ. ಆಗಿದ್ರೆ ಪೊಲೀಸಿನವರು ನೋಡ್ಕೊಳ್ತಾರೆ. ಆಸ್ಪತ್ರೆ, ಸ್ಕೂಲು, ಕೋರ್ಟು, ಇವುಗಳ ಸುತ್ತ ನೂರು ಮೀಟರ್ ಒಳಗಾದ್ರೆ ಅದಕ್ಕೆ ಇನ್ನೊಂದು ನಿಯಮ. ನಿಮ್ದು ಇದ್ಯಾವುದೂ ಅಲ್ಲ,” ಅಂದರು.

“ಹಾಗಾದ್ರೆ ನಾನು ಸಾಯೋ ತನಕ ಕೇಳಿಸ್ಕೊಂಡೇ ಇರ್ಬೇಕಾ?”

“ಹಾಗಲ್ಲ. ಮನೆಗಳ ಮಧ್ಯೆ ಇಂಥ ಕೆಲಸ ನಡೆಸೋಕೆ ನಮ್ಮ ಪರವಾನಗಿ ಇರ್ಬೇಕು. ಅದು ಅವರ ಹತ್ರ ಇರೋದು ನನಗೆ ಅನುಮಾನ. ನೀವು ಅರ್ಜಿ ಕೊಟ್ರೆ ನೋಟಿಸ್ ಹೋಗುತ್ತೆ. ಏಳು ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಕೆಲಸ ನಿಲ್ಲಿಸಿ ಅಟ್ಟ ಖಾಲಿ ಮಾಡಿ ಅಂತೀವಿ.” ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಒಂದ್ಸಲ ಅವರ ಹತ್ರ ಮಾತಾಡಿ ನೋಡಿದ್ರಾ?”

“ಆಡಿದೀನಿ. ಕೇಳಲ್ಲ ಅವ್ರು,” ಅಂದುಬಿಟ್ಟೆ.

ಆ ಸುಳ್ಳು ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ದೂರು ಕೊಟ್ಟವರ ಹೆಸರು ನೋಟಿಸಿನಲ್ಲಿ ಬರುವುದಿಲ್ಲ ಎಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು ಸಹಿ ಹಾಕಿದೆ.

ನಾನು ಮರೆತದ್ದು ಒಂದನ್ನು. ನಮ್ಮ ಬೀದಿಯಲ್ಲಿ ಯಾರ ಮನೆಗೆ ಕಚೇರಿಯ ಕಾಗದ ಬಂದರೂ ಅದು ಮೊದಲು ಬರುವುದು ನನ್ನ ಜಗುಲಿಗೆ. ಕರೆಂಟಿನವರ ನೋಟಿಸು, ಪಹಣಿ, ಬ್ಯಾಂಕಿನವರ ಪತ್ರ, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ನಾನು ಜೋರಾಗಿ ಓದಿ ಅರ್ಥ ಹೇಳಬೇಕು, ಉತ್ತರ ಬೇಕಿದ್ದರೆ ಬರೆದೂ ಕೊಡಬೇಕು. ನಾಲ್ಕನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಕೈಯಲ್ಲಿ ನೋಟಿಸು.

“ಸಿಸ್ಟರಮ್ಮ, ಇದೇನೋ ಪುರಸಭೆಯೋರು ಕೊಟ್ಟು ಹೋದ್ರು. ಅಕ್ಷರ ಗೊತ್ತಾಗುತ್ತೆ, ಈ ಕಚೇರಿ ಮಾತು ಗೊತ್ತಾಗಕ್ಕಿಲ್ಲ. ವಸಿ ಓದಿ ಹೇಳಿ.”

ಓದಿದೆ. ಬೇರೆ ದಾರಿಯೇ ಇರಲಿಲ್ಲ. ‘ಸಾರ್ವಜನಿಕರಿಂದ ದೂರು ಬಂದಿದ್ದು’ ಎಂಬಲ್ಲಿ ಕೆಮ್ಮಿದಂತೆ ಮಾಡಿ ಮುಂದೆ ಹೋದೆ. ‘ಅಟ್ಟವನ್ನು ತೆರವುಗೊಳಿಸಲು ಕ್ರಮ ಕೈಗೊಳ್ಳಲಾಗುವುದು’ ಎಂಬಲ್ಲಿಗೆ ಬಂದಾಗ ಅವರು ಜಗುಲಿಯ ಮೇಲೆ ಕೂತೇಬಿಟ್ಟರು.

“ಈಗ ಇಳಿಸಿದ್ರೆ ಅರ್ಧಕ್ಕರ್ಧ ಹಸಿ ಕಣ್ರೀ. ಒಡೆದ್ರೆ ಬೂಷ್ಟು ಹಿಡೀತದೆ. ಒಂದು ವರ್ಷದ ಕಾಯಿ ಸಿಸ್ಟರಮ್ಮ, ಎಲ್ಲಿಗೆ ಸಾಗಿಸ್ಲಿ?” ಅಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಯಾರೋ ಪಾಪ, ಮನೇಲಿ ಕಾಯಿಲೆ ಬಿದ್ದೋರು ಇದ್ದಾರೇನೋ. ಮಧ್ಯಾಹ್ನದೊತ್ತು ಸುಲಿಸೋದು ನಂಗೂ ಇಷ್ಟ ಇರ್ಲಿಲ್ಲ. ಮೊದ್ಲೆಲ್ಲ ಊಟದ ಹೊತ್ತಿಗೇ ಮುಗಿದೋಗೋದು,” ಅಂದರು.

“ಮತ್ತೆ ಈಗ್ಯಾಕೆ ಮಧ್ಯಾಹ್ನಕ್ಕೆ ಹಾಕ್ಕೊಂಡ್ರಿ?” ಅಂದೆ. ನನ್ನ ದನಿಯಲ್ಲಿ ಕೋಪ ಇನ್ನೂ ಉಳಿದಿತ್ತು.

ಅವರು ಹೇಳಲು ಹಿಂದೆ ಮುಂದೆ ನೋಡಿದರು. ಬಲವಂತ ಮಾಡಿದ ಮೇಲೆ ಹೇಳಿದರು. ಅಟ್ಟದ ಕಾಯೆಲ್ಲ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ಸುಲಿಯುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಉಂಡೆ ಬಿಟ್ಟುಕೊಂಡು ಚಿಪ್ಪಿಗೆ ತಾಗಿ ಲೊಟ್ಟೆನ್ನುವ ಸಣ್ಣ ಸದ್ದು ಬಂದರೆ ಮಾತ್ರ ಸುಲಿಯಲು ಕೆಳಕ್ಕೆ. ಆ ಕೆಲಸ ಅವರದೇ, ಆಳುಗಳಿಗೆ ಬಿಡುವಂಥದ್ದಲ್ಲ. ಬೆಳಿಗ್ಗೆ ಕಾಯಿ ಕೇಳಿ ಮುಗಿಸಿದರೆ ಹತ್ತಕ್ಕೆ ಸುಲಿಯಲು ಶುರು, ಒಂದಕ್ಕೆ ಮುಗಿತಾಯ. ನಾನು ಈ ಮನೆಗೆ ಬರುವ ತನಕ ಹಾಗೇ ನಡೆದಿತ್ತು.

“ನಿಮ್ಮ ಮೋಟ್ರು ಇರೋವಾಗ ಏನೂ ಕೇಳ್ಸಕ್ಕಿಲ್ಲ. ಅದು ನಿಂತ್ಮೇಲೆ ಕೂತ್ಕೋತೀನಿ. ಅದ್ಕೇ ಸುಲಿಯೋದು ಎರಡು ಗಂಟೆಗೆ ಹೋಯ್ತು,” ಅಂದರು.

ಈ ಮೋಟಾರಿನ ವಿಷಯವನ್ನು ನಾನು ಇಲ್ಲಿಯವರೆಗೆ ಬರೆಯಲಿಲ್ಲ. ಮರೆತದ್ದಲ್ಲ, ಅದೂ ಒಂದು ಶಬ್ದ ಎಂದು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ. ನನ್ನ ಬೋರಿನಲ್ಲಿ ನೀರು ಕಡಿಮೆ. ಇರುವಷ್ಟನ್ನು ಗಾಳಿ ಒತ್ತಿ ಮೇಲೆತ್ತುವ ಹಳೆಯ ಕಂಪ್ರೆಸರ್ ಒಂದನ್ನು ಅವರ ಅಟ್ಟದ ಗೋಡೆಗೆ ಅಂಟಿಸಿದಂತೆ ಇಟ್ಟಿದ್ದೆ. ಬೆಳಿಗ್ಗೆ ಏಳಕ್ಕೆ ಹಾಕಿದರೆ ಹತ್ತೂವರೆಯ ತನಕ ಗಡಗಡ ಅನ್ನುತ್ತಿತ್ತು. ಆ ಹೊತ್ತಿನಲ್ಲಿ ನಾನು ಮುಂದಿನ ಅಂಗಳದಲ್ಲಿ ಗಿಡ ನೋಡಿಕೊಂಡು ಪೇಪರ್ ಓದಿಕೊಂಡು ಇರುತ್ತಿದ್ದೆ. ಪಕ್ಕದವರ ಸದ್ದನ್ನು ದಿನಕ್ಕೆ ನಾಲ್ಕು ಸಲ ಅಳೆದವಳು ಅದರ ಮುಂದೆ ಒಂದು ಸಲವೂ ಫೋನು ಹಿಡಿದಿರಲಿಲ್ಲ.

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?”

“ನೀರು ಹಿಡಿಯೋರಿಗೆ ಬೇಡ ಅಂತಾರಾ ಯಾರಾದ್ರೂ?” ಅಂದರು, ನಾನೇನೋ ತಪ್ಪು ಮಾತಾಡಿದ ಹಾಗೆ. “ನಮ್ಮ ಕಡೆ ಯಾರೂ ಅನ್ನಕ್ಕಿಲ್ಲ ಕಣಮ್ಮ.”

ಅವತ್ತೇ ಒಪ್ಪಿಕೊಳ್ಳಬೇಕಿತ್ತು. ಧೈರ್ಯ ಬರಲಿಲ್ಲ. ‘ಉತ್ತರ ನಾನು ಬರೆದುಕೊಡ್ತೀನಿ, ನೀವೇನೂ ಹೆದರಬೇಡಿ’ ಎಂದು ದೊಡ್ಡ ಮನುಷ್ಯಳಂತೆ ಸಮಾಧಾನ ಹೇಳಿದೆ. ಅವರು ಹೋದ ಮೇಲೆ ಆ ಆ್ಯಪ್ ಹಿಡಿದು ಗಡಗಡ ಅನ್ನುತ್ತಿದ್ದ ಕಂಪ್ರೆಸರಿನ ಹತ್ತಿರ ಹೋದೆ. ಅಂಕಿ ಅವರ ಸುಲಿಯುವ ಸದ್ದನ್ನು ದಾಟಿ ಎಷ್ಟೋ ಮೇಲಕ್ಕೆ ಹೋಯಿತು. ಆ ಮಧ್ಯಾಹ್ನ ಆಳುಗಳು ಬಂದಿರಲಿಲ್ಲ, ಬೀದಿಯೆಲ್ಲ ತಣ್ಣಗಿತ್ತು. ನನಗೆ ಒಂದು ಚಣವೂ ನಿದ್ದೆ ಹತ್ತಲಿಲ್ಲ.

ಮರುದಿನ ಇಬ್ಬರೂ ಪುರಸಭೆಗೆ ಹೋದೆವು. ಗುಮಾಸ್ತರು ಅಕ್ಕನ ಉತ್ತರ ತೆಗೆದುಕೊಂಡು ಓದಿದರು, ಫೈಲು ಬಿಚ್ಚಿ ನನ್ನ ಅರ್ಜಿಯ ಪಕ್ಕದಲ್ಲಿಟ್ಟರು. ಆಗಲೇ ನನ್ನ ತಲೆಗೆ ಹೋದದ್ದು. ಎರಡೂ ನನ್ನದೇ ಗುಂಡು ಗುಂಡು ಅಕ್ಷರ, ಒಂದೇ ಪೆನ್ನು. ದೂರು ಬರೆದವಳೇ ದೂರಿಗೆ ಉತ್ತರವನ್ನೂ ಬರೆದಿದ್ದಳು. ಕೋಪ ಬಂದಾಗ ಬುದ್ಧಿ ಕೆಲಸ ಮಾಡುವುದಿಲ್ಲ ಅನ್ನುತ್ತಾರೆ, ನನಗೆ ಕೋಪ ಇಳಿದ ಮೇಲೂ ಮಾಡಿರಲಿಲ್ಲ. ಗುಮಾಸ್ತರು ಅದನ್ನು ನೋಡಿದರು, ಇದನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ಬಿಡಲಿಲ್ಲ, ಪುಣ್ಯಾತ್ಮ. ನನ್ನ ಅರ್ಜಿಯನ್ನು ಮೆಲ್ಲಗೆ ಮಗುಚಿ ಹಾಕಿದರು.

“ಪರವಾನಗಿಗೆ ಅರ್ಜಿ ಹಾಕ್ಬಿಡಿ ಅಮ್ಮ,” ಅಂದರು ಅಕ್ಕನಿಗೆ. “ಅಕ್ಕಪಕ್ಕದ ಮನೆಯೋರು ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ರೆ ಅಟ್ಟ ಖಾಲಿ ಮಾಡಿಸೋ ಮಾತು ಇರಲ್ಲ. ಪಕ್ಕದಲ್ಲಿ ಯಾರಿದ್ದಾರೆ?”

“ಒಂದು ಕಡೆ ಖಾಲಿ ಸೈಟು. ಇನ್ನೊಂದು ಕಡೆ ಇವ್ರೇ, ನಮ್ಮ ಸಿಸ್ಟರಮ್ಮ,” ಅಂದರು ಅಕ್ಕ, ಹೆಮ್ಮೆಯಿಂದ.

ಗುಮಾಸ್ತರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಒಂದೇ ಸಾಲು ಸಾಕಿತ್ತು, ಆದರೆ ಕೈ ನಿಲ್ಲಲಿಲ್ಲ. ಬರೆದು ಮುಗಿಸಿ ಕೊಡಲು ಎದ್ದರೆ ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದರು.

“ಓದಿ ಹೇಳಿ ಸಿಸ್ಟರಮ್ಮ. ಓದ್ದೆ ಯಾವ ಕಾಗದಾನೂ ಕೊಡ್ಬಾರ್ದು ಅಂತ ನೀವೇ ತಾನೆ ನಮ್ಗೆಲ್ಲ ಹೇಳಿರೋದು?”

ಓದಿದೆ. “ಪಕ್ಕದ ಮನೆಯ ಕೊಬ್ಬರಿ ಅಟ್ಟದ ಬಗ್ಗೆ ದೂರು ಕೊಟ್ಟವಳು ನಾನೇ. ಅವರೊಡನೆ ಮಾತಾಡಿದ್ದೇನೆ ಎಂದು ಹೇಳಿದ್ದು ಸುಳ್ಳು. ಅವರು ಹೊತ್ತು ತಪ್ಪಿ ಸುಲಿಸಲು ನನ್ನ ಕಂಪ್ರೆಸರೇ ಕಾರಣ. ಅದನ್ನು ಇನ್ನು ಮುಂದೆ ಬೆಳಿಗ್ಗೆ ಹಾಕುವುದಿಲ್ಲ. ನನ್ನ ದೂರನ್ನು ವಾಪಸು ತೆಗೆದುಕೊಳ್ಳುತ್ತೇನೆ. ನನ್ನ ಆಕ್ಷೇಪಣೆ ಇಲ್ಲ.”

ಸೆರಗು ಹಿಡಿದಿದ್ದ ಕೈ ಸಡಿಲವಾಯಿತು. ಗುಮಾಸ್ತರು ಕಾಗದ ತೆಗೆದುಕೊಂಡು ಸೀಲು ಹೊಡೆದರು, ಅಟ್ಟಕ್ಕೇನೂ ತೊಂದರೆಯಿಲ್ಲ ಎಂದು ಅಕ್ಕನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದರು. ಅವರು ತಲೆಯಾಡಿಸಿದರು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ರೈಲ್ವೆ ಸ್ಟೇಷನ್ನಿನ ರಸ್ತೆ ದಾಟುವಾಗ ಬೀರೂರಿನ ಕಡೆಯಿಂದ ಬಂದ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋಯಿತು. ನಾವಿಬ್ಬರೂ ಅದು ಹೋಗುವ ತನಕ ನಿಂತೆವು. ಆಗಲೂ ಅವರು ನನ್ನ ಕಡೆ ತಿರುಗಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ನನಗೆ ತಡೆಯಲಾಗಲಿಲ್ಲ. “ಬೈದುಬಿಡಿ ಅಕ್ಕಾ. ಸುಮ್ಮನಿರಬೇಡಿ. ನೀವೂ ಒಂದು ಮಾತು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ,” ಅಂದೆ. ತಪ್ಪು ಒಪ್ಪಿಕೊಂಡ ಮೇಲೂ ಅರ್ಧ ಅವರ ಮೇಲೆ ಹಾಕುವ ನನ್ನ ಬುದ್ಧಿ ನೋಡಿ.

ಅವರು ನಿಂತು ತಿರುಗಿದರು. “ನಾನು ಹೇಳ್ಲಿಲ್ಲ, ನಿಮ್ಗೆ ನೀರು ಬಂತು. ನೀವು ಹೇಳ್ಲಿಲ್ಲ, ನನ್ಗೆ ನೋಟಿಸ್ ಬಂತು. ಎರಡೂ ಒಂದೇನಾ ಸಿಸ್ಟರಮ್ಮ?”

ಗೇಟು ತೆಗೆದು ಒಳಗೆ ಹೋದರು. ನಾನು ಬೀದಿಯಲ್ಲೇ ನಿಂತು ಅತ್ತೆ. ಮೂವತ್ತೆರಡು ವರ್ಷ ಎಂಥೆಂಥ ಸಾವು ನೋವು ನೋಡಿಯೂ ಡ್ಯೂಟಿಯಲ್ಲಿ ಅಳದವಳು.

ಎರಡು ದಿನ ಆ ಮನೆಯಿಂದ ಮಾತಿಲ್ಲ. ನಾನು ಕಂಪ್ರೆಸರ್ ಮುಟ್ಟಲಿಲ್ಲ. ಹಗಲು ಹನ್ನೊಂದರ ಮೇಲೆ ಹಾಕಬಹುದಿತ್ತು, ಅದಕ್ಕೂ ಮನಸ್ಸಾಗದೆ ತೊಟ್ಟಿಯ ತಳದಲ್ಲಿದ್ದುದನ್ನೇ ಬಳಿದು ಬಳಸಿದೆ. ಮೂರನೆಯ ಬೆಳಿಗ್ಗೆ ಪಾತ್ರೆ ತೊಳೆಯಲೂ ನೀರಿರಲಿಲ್ಲ. ಏನು ಮಾಡಲಿ ಎಂದು ಹಿತ್ತಲಲ್ಲಿ ನಿಂತಿದ್ದಾಗ ಗೋಡೆಯಾಚೆಯಿಂದ ಅವರ ದನಿ ಕೇಳಿತು. ಅಳುಕಿ ಅಳುಕಿ, ಸಾಲ ಕೇಳುವವರ ಹಾಗೆ.

“ಸಿಸ್ಟರಮ್ಮ, ಇವತ್ತು ಕಾಯಿ ಕೇಳ್ತಿದೀನಿ. ಮೋಟ್ರು ಹಾಕ್ಬೇಡಿ.”

“ಹಾಕಲ್ಲ ಅಕ್ಕಾ,” ಅಂದೆ.

ಆಮೇಲೆ ಗೋಡೆಯ ಮೇಲೆ ಒಂದು ತುಂಬಿದ ಕೊಡ ಬಂದು ಕೂತಿತು, ಅದರ ಹಿಂದೆ ಇನ್ನೊಂದು.

“ಇಳಿಸ್ಕೊಳ್ಳಿ, ತುಳುಕ್ತದೆ,” ಅಂದರು.