ಬೆಟ್ಟಮ್ಮ ಒಪ್ಪದ ವೀರಗಲ್ಲು

ಬೆಟ್ಟಮ್ಮ ಅರಕಲಗೂಡು ಸೀಮೆಯಲ್ಲಿ ಮೂವತ್ತು ವರ್ಷ ಕಂಡವರ ಗದ್ದೆಯಲ್ಲಿ ನಾಟಿ ಹಾಕಿದವಳು. ಗಂಡ ತೀರಿಹೋದ ಮೇಲೆ ಒಬ್ಬನೇ ಮಗ ಹುಚ್ಚಯ್ಯನನ್ನು ಆ ಕೂಲಿಯಲ್ಲೇ ಸಾಕಿದಳು. ಅವನು ಮಿಲಿಟರಿ ಸೇರಿ, ೧೯೬೨ರ ಚೀನಾ ಯುದ್ಧದಲ್ಲಿ ಸತ್ತ. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಸತ್ತದ್ದು ಗುಂಡು ತಗುಲಿ ಅಲ್ಲ. ಅವನ ಜೊತೆಯಲ್ಲಿದ್ದ ಅದೇ ಊರಿನ ತಮ್ಮಯ್ಯ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ್ದ. ಹಿಮದಲ್ಲಿ ಕ್ಯಾನ್ವಾಸ್ ಬೂಟು. ಕಾಲ್ಬೆರಳು ಕಪ್ಪಾಗಿ ಕೊಳೆತವು. ಮೇಲೆ ರಕ್ತಭೇದಿ. ತಮ್ಮಯ್ಯ ಎರಡು ದಿನ ಬೆನ್ನ ಮೇಲೆ ಹೊತ್ತು ನಡೆದ. ಮೂರನೆಯ ಬೆಳಿಗ್ಗೆ ಬೆನ್ನು ತಣ್ಣಗಾಯಿತು. ನಾತದ ವಿಷಯವನ್ನೂ ಅವನು ಮುಚ್ಚಿಡಲಿಲ್ಲ.

ಮರುವರ್ಷ ಪಂಚಾಯ್ತಿ ಛೇರ್ಮನ್ ತಿಮ್ಮಪ್ಪ ಹುಚ್ಚಯ್ಯನಿಗೆ ವೀರಗಲ್ಲು ನಿಲ್ಲಿಸಲು ಹೊರಟ. ಕೆತ್ತನೆಗೆ ಮುಖ ಬೇಕು. ಇದ್ದ ಒಂದೇ ಫೋಟೋ ಬೆಟ್ಟಮ್ಮನ ಬಳಿ ಇತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಕಲ್ಲುಕುಟಿಗ ಚೆನ್ನಯ್ಯನ ಚಪ್ಪರಕ್ಕೆ ಹೋದಳು. ನಾಲ್ಕೂವರೆ ಅಡಿ ಕಲ್ಲು, ಮೂರು ಪಟ್ಟಿ. ಕೆಳಗೆ ಕತ್ತಿ ಹಿಡಿದ ವೀರ, ಮುಖ ಮಾತ್ರ ಕೆತ್ತುವುದು ಬಾಕಿ. ನಡುವೆ, ಅವನ ಎರಡೂ ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲೆ ಸ್ವರ್ಗ.

"ಯಾರಪ್ಪ ಈ ಎಣ್ಣೈಕ್ಳು?" ಎಂದಳು.

ತಿಮ್ಮಪ್ಪನ ಜೊತೆ ಕಲ್ಲು ನೋಡಲು ಬಂದಿದ್ದ ಲಕ್ಷ್ಮೀನರಸಿಂಹ ಮೇಷ್ಟ್ರು ಹುರುಪಿನಿಂದ ವಿವರಿಸಿದರು: "ರಣದಲ್ಲಿ ಸತ್ತವರನ್ನ ಕರೆದೊಯ್ಯೋರು, ಬೆಟ್ಟಮ್ಮ. ಯೂರೋಪಿನ ಉತ್ತರದಲ್ಲೂ ಇದ್ದಾರೆ, ವಾಲ್ಕಿರಿಯರು ಅಂತ. ಕುದುರೆ ಏರಿ ಬಂದು, ಯಾರು ಸಾಯಬೇಕು ಅಂತ ಅವರೇ ಆರಿಸ್ತಾರೆ. ಆರಿಸಿದವರಿಗೆ ದೇವರ ಮನೇಲಿ ಮದ್ಯ ಬಡಿಸ್ತಾರೆ. ಆ ವೀರರು ದಿನವೂ ಹೊಡೆದಾಡಿ ಬೀಳ್ತಾರೆ, ಸಂಜೆಗೆ ಎದ್ದು ಊಟಕ್ಕೆ ಕೂರ್ತಾರೆ."

ಬೆಟ್ಟಮ್ಮ ಕಲ್ಲಿನಿಂದ ಹಿಂದೆ ಸರಿದಳು. "ಥೂ! ಸತ್ ಮ್ಯಾಲೂ ಬಡ್ದಾಡಾದಾ? ಅಲ್ಲೂ ರಜ ಕೊಡಾಕಿಲ್ವಾ ಮೇಷ್ಟ್ರೇ?"

ಚೆನ್ನಯ್ಯ ನಕ್ಕುಬಿಟ್ಟ. ತಿಮ್ಮಪ್ಪ ನಗಲಿಲ್ಲ.

"ಬುದ್ದಿ, ಈ ಮಿಟುಕ್ಲಾಡಿಗಳ್ನ ತೆಗೀರಿ," ಎಂದಳು ಅವನಿಗೆ. "ನನ್ ಮಗುನ್ನ ಒತ್ಕಂಡ್ ಬಂದಿದ್ದು ತಮ್ಮಯ್ಯ, ಬೆನ್ ಮ್ಯಾಲೆ. ಅದ್ನೇ ಕೆತ್ಸಿ."

"ಭೇದಿ ಅತ್ತಿ ಸತ್ತ ಅಂತ ಕಲ್ಲಲ್ಲಿ ಕೆತ್ಸಾನಾ? ಊರ್ ಮರ್ವಾದೆ ಏನಾಯ್ತದೆ? ಫೋಟೋ ಕೊಡಮ್ಮಿ."

"ಅಂಗಾದ್ರೆ ಕೊಡಾಕಿಲ್ಲ."

ಬೆಟ್ಟಮ್ಮ ಫೋಟೋ ಸಮೇತ ಮನೆಗೆ ಬಂದಳು.

ಎರಡು ತಿಂಗಳಿಗೆ ಕಲ್ಲು ರುದ್ರಪಟ್ಟಣದ ದಾರಿಯಲ್ಲಿ ನಿಂತಿತು. ತಿಮ್ಮಪ್ಪನ ಅಪ್ಪಣೆಯಂತೆ ಚೆನ್ನಯ್ಯ ತೋಚಿದ ಮುಖ ಕೆತ್ತಿದ್ದ: ಗುಂಡು ಕೆನ್ನೆ, ಹುರಿಮೀಸೆ. ಸಮಾರಂಭದಲ್ಲಿ ತಿಮ್ಮಪ್ಪ ಬೆಟ್ಟಮ್ಮನನ್ನು ಎಲ್ಲರೆದುರು ಕರೆದು ಹಾರ ಕೈಗಿತ್ತ. ಅವಳು ಹತ್ತಿರ ಹೋಗಿ ಆ ಮೀಸೆ ನೋಡಿದಳು, ಮೇಲಿನ ಇಬ್ಬರು ಅಪ್ಸರೆಯರನ್ನೂ ನೋಡಿದಳು. ಮುಖ ಕಿವುಚಿ, ಹಾರವನ್ನು ತಿರುಗಿ ತಿಮ್ಮಪ್ಪನ ಕೈಗೇ ಕೊಟ್ಟಳು.

"ಇವ್ನ್ಯಾರೋ ನಂಗೊತ್ತಿಲ್ಲ ಬುದ್ದಿ. ಇವ್ನ್ ಅವ್ವನ್ನ ಕರ್ಸಿ."