ಸದ್ದಿಲ್ಲದ ಬೆಸುಗೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಟ್ರಾಮ್ ಹಳಿಗೆ ಬೆಸುಗೆ ಹಾಕುವವರು. ಮಾತು ಕಡಿಮೆ, ಕೆಲಸದ ಗೀಳು ಜಾಸ್ತಿ. ಎರಡು ಹಳಿಗಳ ತುದಿ ಕಾಯಿಸಿ ಕೂಡಿಸಿ, ಆ ಜಾಗವನ್ನು ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಉಬ್ಬು ಉಳಿದರೆ ಗಾಲಿ ಹತ್ತಿದಾಗ ‘ಟಕ್’ ಎನ್ನುತ್ತದೆ. ಆ ‘ಟಕ್’ ಕಿವಿಗೆ ಬಿದ್ದರೆ ಭಾವನಿಗೆ ಅನ್ನ ಸೇರುತ್ತಿರಲಿಲ್ಲ. ಮನೆಯಲ್ಲೂ ಅಷ್ಟೆ, ಮೇಜಿನ ಅಂಚು, ಬಾಗಿಲ ಚೌಕಟ್ಟು, ಎಲ್ಲದರ ಮೇಲೂ ಉಗುರು ಎಳೆದು ನೋಡುವ ಚಟ.

“ನಿಮ್ಮ ಭಾವ ನನ್ನ ಕೆನ್ನೆ ಸವರಿದ್ರೂ ಉಬ್ಬು ಹುಡುಕ್ತಾರೆ ಕಣೇ,” ಎಂದು ಅಕ್ಕ ನಗಾಡುತ್ತಿದ್ದಳು.

ಅಕ್ಕನದು ಪೇಟೆ ಬೀದಿಯಲ್ಲಿ ಗುಂಡಿ, ದಾರ ಮಾರುವ ಅಂಗಡಿ. ಗೋಡೆ ತುಂಬ ಗಾಜಿನ ಡಬ್ಬಿಗಳು. ಅವಳ ಕಣ್ಣು ಮಬ್ಬಾಗುತ್ತಾ ಬಂದು ಕಡೆಗೆ ಬರೀ ಬೆಳಕು, ನೆರಳು ಉಳಿದಿತ್ತು. ಗುಂಡಿಗಳನ್ನು ಬೆರಳಲ್ಲೇ ಗುರುತಿಸುತ್ತಿದ್ದಳು, ರಸ್ತೆಯನ್ನು ಕಿವಿಯಲ್ಲೇ ದಾಟುತ್ತಿದ್ದಳು. ಅಂಗಡಿ ರಸ್ತೆಯ ಆಚೆ, ಮನೆ ಈಚೆ. ನಾನು ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದಳು. “ಬಸ್ಸು, ಲಾರಿ ಏನು ಕಳ್ಳನ ಹಾಗೆ ಬರುತ್ತಾ? ಸುಮ್ನಿರು ನೀನು.” ಹಟಮಾರಿ, ಥೇಟು ನಮ್ಮಪ್ಪನ ಹಾಗೆ.

ಆ ಬೀದಿಗೆ ಹೊಸ ಟ್ರಾಮ್ ಬರುತ್ತದೆ ಎಂದಾಗ ವ್ಯಾಪಾರಿಗಳೆಲ್ಲ ಮೂಗು ಮುರಿದರು. ರಸ್ತೆ ಅಗೆದದ್ದೇ ಅಗೆದದ್ದು, ಧೂಳು ಕುಡಿದದ್ದೇ ಕುಡಿದದ್ದು. ಅಕ್ಕನಿಗೆ ಮಾತ್ರ ಬೇರೆ ಚಿಂತೆ.

“ರೀ, ಗಾಡಿ ಹೋದಾಗೆಲ್ಲ ನನ್ನ ಡಬ್ಬಿಗಳು ಗಲಗಲ ಅಂದ್ರೆ ತಲೆ ಚಿಟ್ಟು ಹಿಡಿಯುತ್ತೆ.”

“ಒಂದು ಡಬ್ಬಿನೂ ಅಲ್ಲಾಡಲ್ಲ. ನಿನ್ನ ಅಂಗಡಿ ಮುಂದಿನ ಬೆಸುಗೆ ನಾನೇ ಹಾಕ್ತೀನಿ,” ಎಂದರು ಭಾವ.

ಹಾಕಿದರು. ಉಳಿದವರು ಊಟಕ್ಕೆ ಎದ್ದರೂ ಇವರು ಮಂಡಿಯೂರಿ ಉಜ್ಜುತ್ತಲೇ ಇದ್ದರು. “ಸಾಕು ಬಿಡಪ್ಪ, ಇದರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೋಬೇಕಾ?” ಎಂದು ಮೇಸ್ತ್ರಿ ಗೇಲಿ ಮಾಡಿದ.

ಮೊದಲ ಗಾಡಿ ಓಡಿದ ದಿನ ನಾವು ಮೂವರೂ ಅಂಗಡಿಯಲ್ಲಿದ್ದೆವು. ಕರೆಂಟಿನ ಗಾಡಿ, ಎಂಜಿನ್ ಸದ್ದೂ ಇಲ್ಲ. ಡಬ್ಬಿಗಳು ಮಿಸುಕಲಿಲ್ಲ.

“ಬಂತಾ?” ಎಂದಳು ಅಕ್ಕ.

“ಹೋಗೂ ಆಯ್ತು,” ಎಂದು ಭಾವ ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕನೂ ನಕ್ಕಳು, ನಾನೂ ನಕ್ಕೆ. ಆಗಲಾದರೂ ನಮ್ಮಲ್ಲಿ ಒಬ್ಬರಿಗೆ ಬುದ್ಧಿ ಬೇಡವೇ.

ಮರುವಾರ ಒಂದು ಸಂಜೆ ಅಕ್ಕ ಅಂಗಡಿ ಮುಚ್ಚಿ ರಸ್ತೆಯಂಚಿಗೆ ಬಂದು ನಿಂತು ಕಿವಿಗೊಟ್ಟಳು. ಮುಖ ಬರುತ್ತಿದ್ದ ಟ್ರಾಮಿನ ಕಡೆಗೇ ಇತ್ತು, ನೋಡಿದ್ದಾಳೆ ಎಂದುಕೊಂಡನಂತೆ ಚಾಲಕ. ಅವನು ಗಂಟೆ ಬಾರಿಸುವಷ್ಟರಲ್ಲಿ ಅವಳು ಹಳಿಯ ಮೇಲೆ ಕಾಲಿಟ್ಟಾಗಿತ್ತು. ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ.

ಭಾವನನ್ನು ಯಾರೂ ದೂರಲಿಲ್ಲ. ನನಗೆ ಮಾತ್ರ ಅವರ ಮೇಲೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ನಾಲ್ಕು ಮಾತು ಬೈದೇ ತೀರುತ್ತೇನೆ ಎಂದು ಹೋದೆ. ಹತ್ತು ಉಗುರನ್ನೂ ರಕ್ತ ಬರುವಂತೆ ಕಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರು. ಅನ್ನ ಬಡಿಸಿ ಬಂದೆ.

ಕೆಲಸ ಬಿಟ್ಟರು. ಅಂಗಡಿ ಈಗ ನಾನು ನೋಡಿಕೊಳ್ಳುತ್ತೇನೆ. ಭಾವ ದಿನಾ ಬಂದು ಅಕ್ಕನ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಗಾಡಿ ದಾಟಿದ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡುತ್ತಾರೆ.

“ಸ್ವಲ್ಪ ಸದ್ದಾಯ್ತು ಅಲ್ವಾ? ನಿನಗೆ ಕೇಳಿಸ್ತು ತಾನೇ?”

“ಕೇಳಿಸ್ತು ಭಾವ, ಚೆನ್ನಾಗೇ ಕೇಳಿಸ್ತು,” ಎನ್ನುತ್ತೇನೆ.