ಕೋಟೆ ಬಾಗಿಲಿನವನು ಏನಂದ?

ವಿಶ್ವೇಶ್ವರಪುರದ ಒಂದು ಸೈಬರ್ ಸೆಂಟರಿನಲ್ಲಿ ನಾನು ಎರಡು ವರ್ಷ ಕೌಂಟರ್ ನೋಡಿಕೊಂಡಿದ್ದೆ. ಕಾಲೇಜು ತಪ್ಪಿಸಿ ಬರುತ್ತಿದ್ದ ಹುಡುಗರು ಕತ್ತಿ, ಕುದುರೆ, ಕೋಟೆಗಳ ಆಟ ಆಡುತ್ತಿದ್ದರು. ಆ ಆಟಗಳಲ್ಲಿ ಕಂಪ್ಯೂಟರೇ ನಡೆಸುವ ಜನ ಇರುತ್ತಾರೆ. ಅಂಗಡಿಯವನು, ಅಂಬಿಗ, ಕಾವಲುಗಾರ. ಎಷ್ಟು ಸಲ ಮಾತಾಡಿಸಿದರೂ ಒಂದೇ ಮಾತು, ಅದೂ ಮುಖಕ್ಕೆ ಹೊಡೆದ ಹಾಗೆ. ಒಂದು ದಿನ ಒಬ್ಬ ಹುಡುಗ ಕೀಬೋರ್ಡ್ ಕುಟ್ಟಿ, "ಗುರು, ಈ ನನ್ಮಗ ಆಗ್ಲಿಂದ ಇದೇ ಡೈಲಾಗ್ ಹೊಡೀತಿದಾನೆ" ಅಂದ. ಪಕ್ಕದವನು ಕತ್ತಿಯಲ್ಲಿ ಒಂದು ಕೊಡು ಎಂದು ಸಲಹೆ ಕೊಟ್ಟ. ಕೊಟ್ಟರೂ ಅಂಥವರು ಸಾಯುವುದಿಲ್ಲ. ನಾನು ಹೋಗಿ ಇಬ್ಬರನ್ನೂ ಗದರಿದೆ. ಕೀಬೋರ್ಡಿನ ಚಿಂತೆ ಎಂದು ಅವರು ತಿಳಿದಿರಬೇಕು. ಆದರೆ ಅಂಥ ಒಬ್ಬ ಒರಟನ ಪರವಾಗಿ ನಾನು ಇವತ್ತಿಗೂ ವಕಾಲತ್ತು ವಹಿಸಬಲ್ಲೆ.

ಅವನನ್ನು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ. ನಮ್ಮ ಮನೆ ಮಾವಳ್ಳಿಯಲ್ಲಿತ್ತು. ಅಪ್ಪ ಗಾಂಧಿ ಬಜಾರಿನಲ್ಲಿ ಸೊಪ್ಪು ತರಕಾರಿ ಮಾರುತ್ತಿದ್ದರು. ಭಾನುವಾರ ಬಸವನಗುಡಿಯ ಒಂದು ದೊಡ್ಡ ಮನೆಗೆ ಸೊಪ್ಪು ತಲುಪಿಸುವ ಕೆಲಸ ನನ್ನದು. ಸೊಪ್ಪನ್ನು ಹಿತ್ತಲಲ್ಲಿ ಕೊಡಬೇಕು. ಅದರಲ್ಲಿ ನನಗೇನೂ ಅನ್ನಿಸಿರಲಿಲ್ಲ, ಸೊಪ್ಪು ಎಲ್ಲರ ಮನೆಗೂ ಹಿತ್ತಲಿನಿಂದಲೇ ಹೋಗುತ್ತಿತ್ತು. ಆ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗಿ ಇದ್ದಳು. ಅವಳು ಕಾನ್ವೆಂಟಿಗೆ ಹೋಗುತ್ತಿದ್ದಳು, ನಾನು ಚಾಮರಾಜಪೇಟೆಯ ಕನ್ನಡ ಶಾಲೆಗೆ. ಒಂದು ದಿನ ಅವಳು ತಾನಾಗಿಯೇ ನಮ್ಮನೆ ಕಂಪ್ಯೂಟರ್ ನೋಡ್ತೀಯಾ ಎಂದು ಕೇಳಿದಳು. ನಾನು ಸಂಭ್ರಮದಲ್ಲಿ ಮನೆಯನ್ನು ಸುತ್ತಿಕೊಂಡು ಮುಂದಿನ ಜಗಲಿಗೆ ಓಡಿದೆ. ಅವಳು ಬಾಗಿಲಲ್ಲಿ ಅಡ್ಡ ನಿಂತಳು.

"ಹಿಂದ್ಗಡೆಯಿಂದ ಬಾರೇ. ಚಪ್ಪಲಿ ಧೂಳು ಕಂಪ್ಯೂಟರ್‌ಗೆ ಆಗಲ್ಲ."

ನಾನು ನಂಬಿದೆ. ಆ ಕಾಲದಲ್ಲಿ ಕಂಪ್ಯೂಟರ್ ಇದ್ದ ಕೋಣೆಯೆಂದರೆ ಗರ್ಭಗುಡಿಯೇ. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿಗೆ ಪರದೆ ಎಳೆಯಬೇಕು, ಆಟ ಮುಗಿದ ಮೇಲೆ ಅದಕ್ಕೆ ಹೊಲಿಸಿದ ಅಂಗಿ ತೊಡಿಸಬೇಕು. ಆಮೇಲಿನ ಭಾನುವಾರಗಳಲ್ಲೂ ನಾನು ಮರೆತು ಜಗಲಿಯ ಕಡೆ ಹೆಜ್ಜೆ ಹಾಕಿದರೆ ಸಾಕು, ಅವಳಿಂದ ಅದೇ ಮಾತು. ನಾನು ಒಗೆಯುವ ಕಲ್ಲಿನ ಹತ್ತಿರ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹಿತ್ತಲಿಗೆ ಅಂಟಿಕೊಂಡಿದ್ದ ಅವಳ ಕೋಣೆ ಸೇರುತ್ತಿದ್ದೆ.

ಆಟದಲ್ಲಿ ನಮ್ಮದು ಬೆನ್ನಿಗೆ ಬಿಲ್ಲು ಕಟ್ಟಿಕೊಂಡ ಒಬ್ಬ ಹುಡುಗಿ. ಅವಳು ಕಾಡಿಗೆ ಹೋದರೂ ಊರಿಗೆ ಬಂದರೂ ಕೋಟೆ ಬಾಗಿಲು ದಾಟಬೇಕು. ಅಲ್ಲಿ ಕೆಂಪು ಮೀಸೆಯ, ಡೊಳ್ಳುಹೊಟ್ಟೆಯ ಒಬ್ಬ ಕಾವಲುಗಾರ. ಹತ್ತಿರ ಹೋದರೆ ತೆರೆಯ ಕೆಳಗೆ ಒಂದು ಇಂಗ್ಲಿಷ್ ಸಾಲು ಮೂಡುತ್ತಿತ್ತು. ನಮಗೆ ಶಾಲೆಯಲ್ಲಿ ಆಗತಾನೇ ಎಬಿಸಿಡಿ ಶುರುವಾಗಿತ್ತು. ಬಿಲ್ಲಿನ ಹುಡುಗಿಯನ್ನು ನಡೆಸುವುದು ನಾನು, ಓದಿ ಎಂಟರ್ ಒತ್ತುವುದು ಆ ಮನೆಯವಳು. ನಾನು ಮೊದಲ ಅಕ್ಷರ ಹಿಡಿಯುವಷ್ಟರಲ್ಲಿ ಸಾಲು ಮಾಯವಾಗಿರುತ್ತಿತ್ತು. ಹಾಗಾಗಿ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ಏನಂದ?

"ಬಾಮ್ಮ, ನಿನಗೋಸ್ಕರಾನೇ ಬಾಗ್ಲು ತೆಗ್ದಿಟ್ಟಿದೀನಿ ಅಂದ," ಎಂದಳು ಮೊದಲ ಸಲ.

ಮುಂದಿನ ವಾರ ಅವನು ಊಟ ಆಯಿತಾ ಎಂದು ಕೇಳಿದನಂತೆ. ಅದರಾಚೆಯ ವಾರ ಗಣಿತದ ಟೆಸ್ಟ್ ಹೇಗಾಯಿತು ಎಂದು. ಆಮೇಲೆ ಅಪ್ಪನ ಸೊಂಟನೋವು ವಾಸಿಯಾಯಿತಾ ಎಂದು ಕೂಡ. ಅವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಬೆರಗಾದರೆ, ಕಂಪ್ಯೂಟರಿಗೆ ಗೊತ್ತಾಗದೇ ಇರುವುದು ಏನಿದೆ ಎಂದು ಅವಳೇ ನಕ್ಕಳು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು. ನಮ್ಮ ಮನೆಯಲ್ಲಿ ಅಪ್ಪ ಅಮ್ಮನಿಗೆ ಮೈಮುರಿಯುವ ಕೆಲಸ. ಟೆಸ್ಟ್ ಹೇಗಾಯಿತು ಎಂದು ಕೂರಿಸಿಕೊಂಡು ಕೇಳುವವರು ಯಾರೂ ಇರಲಿಲ್ಲ. ನನ್ನನ್ನು ವಿಚಾರಿಸಿಕೊಳ್ಳುವ ದೊಡ್ಡ ಮನುಷ್ಯ ಎಂದರೆ ಅವನೊಬ್ಬನೇ. ಅವನಿಗಾಗಿ ವಾರವಿಡೀ ಕಾಯುತ್ತಿದ್ದೆ. ಆಟದ ಚೀಲದಲ್ಲಿದ್ದ ರೊಟ್ಟಿಯನ್ನೆಲ್ಲ ಅವನಿಗೆ ಕೊಟ್ಟು ನಮ್ಮ ಹುಡುಗಿಯನ್ನು ಕಾಡಿನಲ್ಲಿ ಉಪವಾಸ ಕೆಡವಿದ್ದೂ ಉಂಟು.

ಸಂಕ್ರಾಂತಿಗೆ ಅವನಿಗೂ ಒಂದು ಪೊಟ್ಟಣ ಕಟ್ಟಿಕೊಂಡು ಹೋದೆ. ಕಂಪ್ಯೂಟರಿನ ತಲೆಯ ಮೇಲಿಟ್ಟು, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ಪದ್ಧತಿಯಂತೆ ಹೇಳಿದೆ. ಅವಳು ನಗು ತಡೆಯಲಾರದೆ ಮುಖ ತಿರುಗಿಸಿಕೊಂಡಳು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಏನೂ ಮುಟ್ಟಬೇಡ ಎಂದು ಹೇಳಿ ಹಾಲಿಗೆ ಹೋದಳು.

ಮುಟ್ಟದೆ ಇರಲಾಗಲಿಲ್ಲ. ಹಬ್ಬದ ದಿನ ಅವನೇನು ಹೇಳುತ್ತಾನೋ ಎಂಬ ಆಸೆ. ಹುಡುಗಿಯನ್ನು ಬಾಗಿಲಿಗೆ ಕರೆದೊಯ್ದೆ, ಸಾಲು ಮೂಡಿತು. ಎಂಟರ್ ಒತ್ತುವವರಿಲ್ಲದೆ ಅಲ್ಲೇ ನಿಂತಿತು. ಜೇಬಿನಲ್ಲಿ ಅವಳ ಅಜ್ಜಿ ಕೊಟ್ಟ ತರಕಾರಿ ಚೀಟಿ ಇತ್ತು. ಮೇಜಿನ ಮೇಲಿದ್ದ ಪೆನ್ನು ತೆಗೆದು ಚೀಟಿಯ ಹಿಂಭಾಗದಲ್ಲಿ ಒಂದೊಂದೇ ಅಕ್ಷರ ನೋಡಿ ಬರೆದುಕೊಂಡೆ. ಇನ್ನೊಂದು ಮಾತು ಆಡಲಿ ಎಂದು ನಾನೇ ಎಂಟರ್ ಒತ್ತಿ ಹುಡುಗಿಯನ್ನು ಮತ್ತೆ ಕರೆದೊಯ್ದೆ. ಅವೇ ಅಕ್ಷರ. ಮೂರನೆಯ ಸಲವೂ ಅವೇ, ಅದೇ ಕ್ರಮದಲ್ಲಿ.

ಅವಳು ವಾಪಸು ಬಂದಾಗ ಚೀಟಿಯನ್ನು ಜೇಬಿಗೆ ಸೇರಿಸಿದೆ. ಅವನನ್ನು ಇನ್ನೊಮ್ಮೆ ಮಾತಾಡಿಸಿ, ಏನಂದ ಎಂದು ಕೇಳಿದೆ. ಅವಳು ಎಂದಿನಂತೆ ಎಂಟರ್ ಒತ್ತಿದಳು. "ಇವತ್ತು ನಿನ್ ಜಡೆ ಚೆನ್ನಾಗಿದೆ ಅಂತಿದಾನೆ," ಅಂದಳು. ಆಮೇಲೆ ಪೊಟ್ಟಣ ಬಿಚ್ಚಿ ಎಳ್ಳು ಬೆಲ್ಲವನ್ನು ತಾನೇ ತಿಂದಳು.

ಸೋಮವಾರ ಚೀಟಿಯನ್ನು ನಮ್ಮ ಇಂಗ್ಲಿಷ್ ಮೇಡಂಗೆ ತೋರಿಸಿದೆ. ಅವರು ಎರಡು ಸಲ ಓದಿ ನನ್ನ ಮುಖ ನೋಡಿದರು.

"ಯಾರಮ್ಮ ನಿಂಗೆ ಹೀಗಂದಿದ್ದು?"

ಯಾರೂ ಇಲ್ಲ, ಎಲ್ಲೋ ಬರೆದಿತ್ತು ಅಂದೆ. ಅವರು ಹಿಂದೆಮುಂದೆ ನೋಡಿ ಅರ್ಥ ಹೇಳಿದರು. ಮತ್ತೆ ಬಂದೆಯಾ ನೀನು? ನಿನ್ನಂಥವರಿಗೆ ಹಿಂದಿನ ಬಾಗಿಲು.

ನನಗೆ ಕಾವಲುಗಾರನ ಮೇಲೆ ಸಿಟ್ಟು ಬರಲಿಲ್ಲ. ಅವನು ಮುಖಕ್ಕೇ ಹೇಳಿದ್ದ, ಮೊದಲ ದಿನವೇ ಹೇಳಿದ್ದ. ಯಥಾರ್ಥವಾದಿ ಲೋಕವಿರೋಧಿ. ಸಿಟ್ಟು ಬಂದದ್ದು ಅವಳ ಮೇಲೆ. ನನ್ನ ಟೆಸ್ಟು, ನನ್ನ ಅಪ್ಪನ ಸೊಂಟ, ಎಲ್ಲವನ್ನೂ ನನ್ನ ಬಾಯಿಂದಲೇ ಕೇಳಿ, ನನಗೇ ತಿರುಗಿಸಿ ಕೊಟ್ಟು, ಕಿವಿಯ ಮೇಲೆ ಹೂವಿಟ್ಟಿದ್ದಳು. ಇದಕ್ಕೆ ಮೋಸ ಎನ್ನುವುದಕ್ಕಿಂತ ಸಣ್ಣ ಪದ ನನಗೆ ಆಗಲೂ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಆದರೂ ಮನಸ್ಸಿನ ಒಂದು ಮೂಲೆ ಅವಳ ಪರ ವಾದಿಸುತ್ತಿತ್ತು. ನನಗೆ ಬೇಜಾರಾಗಬಾರದು ಎಂದೇ ಒಳ್ಳೆಯ ಮಾತು ಕಟ್ಟಿ ಹೇಳಿರಬಹುದಲ್ಲ? ಆ ಧೂಳಿನ ಮಾತೂ ನಿಜವಿರಬಹುದಲ್ಲ? ಇದೊಂದು ಇತ್ಯರ್ಥವಾಗದೆ ನನಗೆ ಆ ವಾರ ಓದು ಹತ್ತಲಿಲ್ಲ.

ಭಾನುವಾರ ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಹೊರಟೆ. ಆ ರಸ್ತೆಯ ಮೂಲೆಯಲ್ಲಿದ್ದ ನಲ್ಲಿಯಲ್ಲಿ ಹಿಮ್ಮಡಿಯವರೆಗೂ ಉಜ್ಜಿ ಕಾಲು ತೊಳೆದು, ಲಂಗದ ಅಂಚಿನಿಂದ ಒರೆಸಿಕೊಂಡೆ. ಸೊಪ್ಪಿನ ಚೀಲ ಹಿಡಿದು ನೇರ ಮುಂದಿನ ಗೇಟು ತೆಗೆದೆ. ಜಗಲಿಯ ಮೇಲೆ ಮೂರು ಜೊತೆ ಶೂಗಳಿದ್ದವು, ಅವಳ ಶಾಲೆಯ ಗೆಳತಿಯರವು. ಒಂದಕ್ಕೆ ಇನ್ನೂ ಹಸಿ ಕೆಸರು ಮೆತ್ತಿತ್ತು. ಒಳಗಿನಿಂದ ಆಟದ ಸದ್ದು, ಹುಡುಗಿಯರ ನಗು ಕೇಳುತ್ತಿತ್ತು. ಬೆಲ್ ಒತ್ತಿದೆ. ಅವಳೇ ಬಂದಳು.

"ಹಿಂದ್ಗಡೆಯಿಂದ ಬಾರೇ," ಅಂದಳು. ಪ್ರತಿ ಸಲದಂತೆ, ಅದೇ ರಾಗದಲ್ಲಿ.

"ಚಪ್ಪಲಿ ಹಾಕ್ಕೊಂಡ್ ಬಂದಿಲ್ಲ ಕಣೇ," ಅಂದೆ.

ಅವಳು ನನ್ನ ಕಾಲುಗಳನ್ನು ನೋಡಿದಳು. ಬೇರೆ ಕಾರಣ ಹುಡುಕುತ್ತಿದ್ದಾಳೆ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಸಿಗಲಿಲ್ಲವೋ ಏನೋ. ಇನ್ನೂ ಮೆತ್ತಗೆ ಅದನ್ನೇ ಹೇಳಿದಳು. "ಹಿಂದ್ಗಡೆಯಿಂದ ಬಾ."

ಸೊಪ್ಪಿನ ಚೀಲವನ್ನು ಮುಂಬಾಗಿಲ ಹೊಸ್ತಿಲ ಮೇಲಿಟ್ಟು ಹೊರಟೆ. ಆಮೇಲೆ ಆ ಮನೆಗೆ ಅಪ್ಪನೇ ಹೋಗುತ್ತಿದ್ದರು. ಕಾವಲುಗಾರ ಆ ಮಾತನ್ನು ಬಾಗಿಲಿಗೆ ಬಂದ ಎಲ್ಲರಿಗೂ ಹೇಳುತ್ತಿದ್ದ. ಅವಳು ನನಗೆ ಮಾತ್ರ ಹೇಳುತ್ತಿದ್ದಳು.